ಟೈಲರಣ್ಣನ ಹೊಟ್ಟೆಕಿಚ್ಚು, ತಮ್ಮನ ಹಲ್ಲು

ಆಣೆ ಮಾಡಿ ಹೇಳ್ತೀನಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಟೈಲರಣ್ಣನಿಗೆ ಎಂಥ ಹೊಟ್ಟೆಕಿಚ್ಚು ಅಂದ್ರೆ, ಇಸ್ತ್ರಿಪೆಟ್ಟಿಗೆ ತಂದು ಹೊಟ್ಟೆ ಮೇಲಿಟ್ಕೊಂಡ್ರೆ ಸಾಕು, ಕಾಯ್ತಿತ್ತು. ಇದ್ದಿಲಿನ ಖರ್ಚೇ ಇಲ್ಲ.

ಕಾರಣ, ಎದುರಂಗಡಿ ಇಟ್ಟಿದ್ದ ಸ್ವಂತ ತಮ್ಮ. ಅವನೂ ಟೈಲರೇ. ಹೊಲಿಗೆ ಅಷ್ಟಕ್ಕಷ್ಟೇ, ಆದ್ರೆ ನಕ್ಕರೆ ಹಲ್ಲು ಫಳಫಳ. ಗಿರಾಕಿಗಳು ಆ ನಗು ನೋಡ್ಕೊಂಡೇ ರಸ್ತೆ ದಾಟಿಬಿಡೋರು. ಅಣ್ಣನೋ, ದಿನಾ ದಾರಾನ ಹಲ್ಲಲ್ಲೇ ಕಚ್ಚಿ ಕಚ್ಚಿ ಕತ್ತರಿಸೋನು. ಒಸಡೆಲ್ಲ ಊದಿತ್ತು. ಬಿಳಿ ದಾರ ಬಾಯಿಗೆ ಹೋದ್ರೆ ಕೆಂಪಾಗಿ ಬರೋದು.

"ರೀ, ಡಾಕ್ಟರಿಗೆ ತೋರಿಸ್ರೀ" ಅಂತ ಹೆಂಡತಿ ಹೇಳಿ ಹೇಳಿ ಸಾಕಾದ್ಲು. ಕೇಳ್ಲಿಲ್ಲ. ಒಂದಿನ ಅಣ್ಣನ ಖಾಯಂ ಗಿರಾಕಿ ಮೇಷ್ಟ್ರು ಪ್ಯಾಂಟ್ ಬಟ್ಟೆ ಹಿಡ್ಕೊಂಡು ಎದುರಂಗಡಿ ಹತ್ತಿದ್ರು ನೋಡಿ, ಮಾರನೇ ದಿನ ಬೆಳಿಗ್ಗೇನೇ ಅಣ್ಣ ಹಲ್ಲಿನ ಆಸ್ಪತ್ರೆಗೆ ಓಡಿದ.

ಅಲ್ಲಿ ಬೆಂಚಿನ ಮೇಲೆ ಯಾರು? ತಮ್ಮ!

"ಏನೋ, ಇಲ್ಲೂ ನನಗಿಂತ ಮುಂಚೆ ಬಂದು ಕೂತಿದ್ದೀಯಾ?"

"ಆಗಾಗ ತೋರಿಸ್ಕೊಳ್ತೀನಿ ಅಣ್ಣ. ಹಲ್ಲೇನು ಸುಮ್ಮನೆ ಹೊಳೆಯುತ್ತಾ?"

ಅಣ್ಣ ಸರದೀನೂ ನೋಡದೆ ಒಳಗೆ ನುಗ್ಗಿ ಕುರ್ಚೀಲಿ ಒರಗಿದ. "ಅವನಿಗಿಂತ ಬೆಳ್ಳಗಾಗ್ಬೇಕು ಡಾಕ್ಟ್ರೇ. ಇವತ್ತೇ."

"ಮೊದಲು ಕ್ಲೀನ್ ಮಾಡ್ಬೇಕು. ಹೃದಯದ ಆಪರೇಷನ್ ಏನಾದ್ರೂ ಆಗಿದೆಯಾ?" ಅಂದ್ರು ಡಾಕ್ಟರಮ್ಮ.

ಆಗಿತ್ತು. ಅಣ್ಣನ ಹೃದಯದಲ್ಲಿ ಕೃತಕ ವಾಲ್ವ್ ಇತ್ತು. ಹೇಳಿದ್ರೆ ಹೊರಗಿದ್ದೋರಿಗೆಲ್ಲ ಕೇಳಿಸುತ್ತೆ, ಪಾಪ ಕಾಯಿಲೆ ಮನುಷ್ಯ ಅಂತ ಉಳಿದ ಗಿರಾಕಿನೂ ತಮ್ಮನ ಪಾಲು. "ಏನೂ ಇಲ್ಲ" ಅಂದ.

ಬಾಗಿಲಲ್ಲಿ ತಮ್ಮನ ತಲೆ ತೂರಿ ಬಂತು. "ವಾಲ್ವ್ ಹಾಕಿದ್ದಾರೆ ಡಾಕ್ಟ್ರೇ!"

"ಥೂ, ವ್ಯಾಪಾರ ಕೆಡಿಸೋನೇ! ಹಲ್ಲಿಗೂ ಹೃದಯಕ್ಕೂ ಏನೋ ನೆಂಟಸ್ತಿಕೆ?"

"ಇದೆ" ಅಂತ ಡಾಕ್ಟರಮ್ಮ ಕೈಲಿದ್ದ ಸಲಕರಣೆ ಕೆಳಗಿಟ್ರು. "ಬಾಯಲ್ಲಿರೋ ರೋಗಾಣು ಒಸಡಿನ ಗಾಯದಿಂದ ರಕ್ತಕ್ಕೆ ಇಳಿಯುತ್ತೆ. ವಾಲ್ವ್ ಮೇಲೆ ಗೂಡು ಕಟ್ಟಿದ್ರೆ ಜೀವಕ್ಕೇ ಅಪಾಯ. ನಿಮಗೆ ಇಂಥ ಚಿಕಿತ್ಸೆಗೆ ಮೊದಲು ಆಂಟಿಬಯೋಟಿಕ್ ಕೊಡ್ಬೇಕು. ನಿಮ್ಮ ಹೃದಯದ ಡಾಕ್ಟರ ಹತ್ರ ಮಾತಾಡ್ತೀನಿ."

"ಹಂಗಾದ್ರೆ ಹಲ್ಲಿನ ತಂಟೆಗೇ ಹೋಗಲ್ಲ ಬಿಡಿ."

"ಹೋಗದಿದ್ರೆ ಇನ್ನೂ ಕಷ್ಟ. ಒಸಡು ಕೆಟ್ಟಿದ್ರೆ ಊಟ ಅಗಿಯೋವಾಗ್ಲೂ ರೋಗಾಣು ಒಳಗೆ ನುಗ್ಗುತ್ತೆ."

ಅಣ್ಣ ತಮ್ಮನ ಕಡೆ ತಿರುಗಿದ. "ನಾನು ಸತ್ತಿದ್ರೆ ಬೀದಿಗೆಲ್ಲ ನೀನೊಬ್ಬನೇ ಟೈಲರ್. ಬಾಯಿ ಮುಚ್ಕೊಂಡಿರೋದಲ್ವೇನೋ?"

"ಆಮೇಲೆ ನನ್ನಂಗಡಿ ಬಟ್ಟೆಗೆ ಗುಂಡಿ ತೂರಿಸೋ ಕಾಜಾ ಯಾರು ಹಾಕೋದು? ನನಗೆಲ್ಲಿ ಬರುತ್ತೆ ಅಣ್ಣ? ಮೇಷ್ಟ್ರ ಪ್ಯಾಂಟೂ ನಿನಗೇ ಕೊಡೋಣ ಅಂತಿದ್ದೆ."

ಅವತ್ತಿಂದ ಅಣ್ಣ ದಾರಕ್ಕೆ ಕತ್ತರಿ ಹಿಡಿದ. ಔಷಧಿ ತಗೊಂಡೇ ಹಲ್ಲು ಕ್ಲೀನ್ ಮಾಡಿಸ್ಕೊಂಡ. ಈಗ ಅವನು ಸಂಜೆ ನಕ್ಕರೆ ಬೀದಿ ದೀಪ ಹಚ್ಚೋದೇ ಬೇಡ.

ನೋಡಿ, ನಿಮಗೋ ಮನೆಯವರಿಗೋ ಕೃತಕ ವಾಲ್ವ್ ಇದ್ರೆ, ಇಲ್ಲಾ ಹಿಂದೆ ವಾಲ್ವಿಗೆ ಸೋಂಕು ತಗಲಿದ್ರೆ, ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ದಿನಕ್ಕೆರಡು ಸಲ ಹಲ್ಲುಜ್ಜಿ. ಜ್ವರ ಬಿಡದೇ ಕಾಡಿದ್ರೆ ವಾಲ್ವಿನ ಸೋಂಕೇ ಇರಬಹುದು, ನೀವೇ ಮಾತ್ರೆ ನುಂಗಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು, ಆ ದಾರ... ಅರೆ, ಎದ್ದು ಹೊರಟೇಬಿಟ್ರಲ್ಲ? ಹಲ್ಲಿನ ಡಾಕ್ಟರ ಹತ್ರಾನಾ? ಸರಿ ಸರಿ, ಆದ್ರೆ ವಾಲ್ವ್ ವಿಷಯ ಮುಚ್ಚಿಡದೆ—