ತೊಂಬತ್ಮೂರು ಕಿಲೋ

ಪೆನ್ಸಿಲಿನ ಮೊನೆ ಮೊಂಡಾಗಿದೆ, ಹಿಂತುದಿಯನ್ನು ಯಾರೋ ಕಚ್ಚಿದ್ದಾರೆ, ಮೇಜಿನಾಚೆಯ ಅಧಿಕಾರಿ ಗಡಿಯಾರ ನೋಡುತ್ತಾ ಬೇಗ ಬರೀರಿ ಬು ತುಮಿನಾ, ಕೊನೇ ಸರದಿಗೆ ಎಷ್ಟು ಕಿಲೋ ಅನ್ನುತ್ತಾನೆ, ಬು ಎಂದು ಅಮ್ಮನ ಮರ್ಯಾದೆ ಕೊಟ್ಟೇ ಅವಸರಿಸುತ್ತಾನೆ, ಎಷ್ಟು ಅಂತ ನನಗೇ ಗೊತ್ತಿದ್ದರೆ — ಇಲ್ಲ, ಗೊತ್ತಿದೆ, ಜಕಾರ್ತಾದ ತರಬೇತಿ ಶಿಬಿರಕ್ಕೆ ಹೋಗುವವಳು ಒಬ್ಬಳೇ, ಕೆದಿರಿ ಊರಿನ ಹುಡುಗಿ ತೊಂಬತ್ನಾಲ್ಕು ಕಿಲೋ ಭಾರ ಎತ್ತಿ ಮುಗಿಸಿ ಬೆಂಚಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದಾಳೆ, ನನ್ನ ಶಿಷ್ಯೆ ಪೂರ್ವಾಂತಿಗೆ ತೊಂಬತ್ತೈದು ಬೇಕು, ಈಗಷ್ಟೇ ತೊಂಬತ್ತು ಎತ್ತಿದಳು, ಅಭ್ಯಾಸದಲ್ಲೂ ತೊಂಬತ್ತೆರಡು ದಾಟಿದವಳಲ್ಲ, ಒಂದು ವರ್ಷ ಆ ತೊಂಬತ್ತೈದನ್ನು ನಾನೇ ಗೋಡೆಯ ಮೇಲೆ ಕೆಂಪಾಗಿ ಬರೆದಿಟ್ಟಿದ್ದೆ, ಗುರಿ ಕಣ್ಣೆದುರಿದ್ದರೆ ಛಲ ತಾನಾಗಿ ಬರುತ್ತದೆಂದು, ಬರಲಿಲ್ಲ, ಅವಳು ಕಂಬಿಗಿಂತ ಮೊದಲು ಗೋಡೆ ನೋಡುವಳು, ನೋಡಿದಳೋ, ಕಂಬಿ ಜಾರಿತು, ಆಮೇಲೆ ಒಂಬತ್ತು ದಿನ ನಾಪತ್ತೆ, ಹುಡುಕಿಕೊಂಡು ಹೋದರೆ ಅಮ್ಮನ ಅಂಗಡಿಯಲ್ಲಿ ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದಾಳೆ, ಬಾಣಲೆಯಿಂದ ಕಣ್ಣೆತ್ತದೆ ಹೇಳಿದಳು — ಆ ನಂಬರ್ ನಿಮ್ದು ಬು, ನಂದಲ್ಲ, ಎತ್ತೋದು ಮಾತ್ರ ನಾನು. ಅವಳಮ್ಮ ಗುರುಗಳ ಹತ್ರ ಹಿಂಗಾ ಮಾತಾಡೋದು ಎಂದು ಬೈದು ನನ್ನ ಕೈಗೊಂದು ತುಂಡು ತೆಂಪೆ ಇಟ್ಟಳು, ನಾಲಿಗೆ ಸುಟ್ಟಿತು, ನಿಜವೇ, ಆ ನಂಬರ್ ನನ್ನದೇ, ಇಪ್ಪತ್ತಾರು ವರ್ಷದ ಹಿಂದೆ ನನ್ನ ಗುರು ಪಾಕ್ ಸರ್ಜೊನೊ ಇಂಥದೇ ಚೀಟಿಯಲ್ಲಿ, ನನ್ನನ್ನೊಂದು ಮಾತೂ ಕೇಳದೆ, ತೊಂಬತ್ತೈದು ಬರೆದಿದ್ದರು, ಅದನ್ನು ಎತ್ತಲು ಹೋಗಿ ಮುರಿದ ಎಡ ಮೊಣಕೈ ಇವತ್ತಿಗೂ ನೆಟ್ಟಗಾಗುವುದಿಲ್ಲ, ಆಸೆ ಮಾತ್ರ ಹಾಗೇ ಉಳಿಯಿತು, ಉಳಿದದ್ದನ್ನು ಈ ಹುಡುಗಿಯ ಮೇಲೆ ಹೇರಿದೆ. ಮರುದಿನ ಗೋಡೆಗೆ ಸುಣ್ಣ ಬಳಿದು ನೀನೇ ಬರಿ ಅಂದೆ, ಮೊಣಕೈ ಬೇಗ ಅಂತ ಬರೆದಳು, ಕಂಬಿ ತಲೆಯ ಮೇಲೆ ಬಂದೊಡನೆ ಮೊಣಕೈ ನೆಟ್ಟಗಾಗಬೇಕು, ಅಷ್ಟೇ, ಇದೂ ಒಂದು ಗುರಿಯೇ ಎಂದು ಒಳಗೊಳಗೇ ನಕ್ಕಿದ್ದೆ, ತಿಂಗಳೊಳಗೆ ಕಂಬಿ ಜಾರುವುದು ನಿಂತಿತು. ಈಗ ನನ್ನ ಪಕ್ಕದಲ್ಲೇ ಅಂಗೈಗೆ ಬಿಳಿ ಪುಡಿ ತಿಕ್ಕುತ್ತಿದ್ದಾಳೆ, ಎಷ್ಟು ಬರೀಲೇ ಎಂದು ಕೇಳಿದೆ, ತೊಂಬತ್ಮೂರು ಅಂದಳು, ಅಷ್ಟಕ್ಕೆ ಶಿಬಿರ ಸಿಗಲ್ಲ ಅಂದೆ, ಗೊತ್ತು ಬು, ಅದನ್ನ ನಾನು ಯಾವತ್ತೂ ಎತ್ತಿಲ್ಲವಲ್ಲ, ಇವತ್ತು ಆಗುತ್ತೆ ಅನ್ನಿಸ್ತಿದೆ — ಒಂಬತ್ತು ಬರೆದಾಯಿತು, ಕೈ ಐದರ ಕಡೆಗೇ ಎಳೆಯುತ್ತದೆ, ಹತ್ತು ಸೆಕೆಂಡು ಅನ್ನುತ್ತಾನೆ ಅಧಿಕಾರಿ, ಮೂರು ಬರೆದೆ, ಗೆಲ್ಲೋ ಆಸೆ ಇಲ್ವಾ ಬು ಎಂದು ಹುಬ್ಬೇರಿಸಿದ, ಇದೆ ಕಣಪ್ಪಾ, ನನಗಿದೆ, ಅದಕ್ಕೇ ಅವಳನ್ನು ಕೇಳಿ ಬರೆದೆ. ವೇದಿಕೆ ಹತ್ತಿದಳು, ಬಗ್ಗಿದಳು, ಉಸಿರು, ಕಂಬಿ ನೆಲ ಬಿಟ್ಟಿತು, ಮಂಡಿ ದಾಟಿತು, ಅವಳು ಅದರ ಅಡಿಗೆ ಜಾರಿ ಕೂತಳು, ಒಂದು ಕಡೆ ಚೂರು ವಾಲಿತು, ನನ್ನ ಕೈ ಬಾಯಿಗೆ ಹೋಯಿತು, ತಡೆದಳು, ಎದ್ದಳು, ಇಳಿಸು ಎಂಬ ಗಂಟೆ ಹೊಡೆಯಿತು, ಅಲ್ಲಿ ಕೆದಿರಿಯವರು ಗೆದ್ದೆವೆಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ, ತಬ್ಬಿಕೊಳ್ಳಲಿ, ಇಳಿಸೇ ಹುಡುಗಿ, ಗಂಟೆ ಆಯಿತು, ಇಳಿಸುತ್ತಿಲ್ಲ, ತಲೆ ಮೇಲೆ ತೊಂಬತ್ಮೂರು ಕಿಲೋ ಹೊತ್ತು ನಗುತ್ತಿದ್ದಾಳೆ, ಇಳಿಸುತ್ತಿಲ್ಲ, ನಗುತ್ತಿದ್ದಾಳೆ, ಇನ್ನೂ ಇಳಿಸುತ್ತಿಲ್ಲ