ಗುದ್ದಲಿ ತಾಗದ ಗೋರಿ

ನಮ್ಮ ಬೆಟ್ಟದ ಕಡೆ ಗೋರಿಯ ಮೇಲೆ ಒಂದು ಹುಲ್ಲೆಸಳು ಕಂಡರೂ ಸತ್ತವರಿಗೆ ದಿಕ್ಕಿಲ್ಲ ಅಂತಲೇ ಲೆಕ್ಕ. ಮೇ ತಿಂಗಳಲ್ಲಿ ಊರೆಲ್ಲ ಸೇರಿ ಗೋರಿ ಸಿಂಗರಿಸುವ ಅಲಂಕಾರದ ಭಾನುವಾರಕ್ಕೆ ಮುಂಚಿನ ದಿನ ಗಂಡಸರೆಲ್ಲ ಗುದ್ದಲಿ ಹಿಡಿದು ಚರ್ಚಿನ ಗೋರಿಗಳನ್ನು ಕೆರೆದು ಬೋಳು ಮಾಡುತ್ತಾರೆ. ಆಮೇಲೆ ಆ ಬೋಳು ಮಣ್ಣಿಗೆ ಪ್ಲಾಸ್ಟಿಕ್ ಹೂ ಚುಚ್ಚುತ್ತಾರೆ. ಇದಕ್ಕೆ ಪ್ರೀತಿ ಅಂತ ಹೆಸರು!

ನನ್ನ ಮಗಳು ಲೆಟ್ಟಿ ಮಲಗಿರುವುದು ಮೂಲೆಯ ಬೀಚ್ ಮರದ ಕೆಳಗೆ. ಬೇಸಿಗೆಯೆಲ್ಲ ಅಲ್ಲಿ ದಟ್ಟ ನೆರಳು. ನಮ್ಮ ಹಿತ್ತಲಿನ ನೆರಳಲ್ಲಿ ಅವಳು ಮುದ್ದು ಮಾಡುತ್ತಿದ್ದ ಬಿಳಿ ಟ್ರಿಲಿಯಮ್ಮಿನ ಬೀಜ ತಂದು ಅಲ್ಲಿ ಹಾಕಿದ್ದೆ. ಮೂರೆಲೆ, ಮೂರೆಸಳಿನ ಗಿಡ. ಬೀಜ ಹೂವಾಗಲು ಏಳು ವರ್ಷ ಬೇಕು. ಅಷ್ಟು ವರ್ಷವೂ ಗುದ್ದಲಿ ಬರುವ ಮುಂಚೆ ನಾನೇ ಕೈಯಲ್ಲಿ ಕಳೆ ಕಿತ್ತು, ಪುಟ್ಟ ಎಲೆಗಳನ್ನು ಪ್ಲಾಸ್ಟಿಕ್ ಹೂವಿನಡಿ ಬಚ್ಚಿಟ್ಟಿದ್ದೆ. ಈ ಏಪ್ರಿಲ್‌ನಲ್ಲಿ, ಮರ ಚಿಗುರಿ ಬೆಳಕು ಮುಚ್ಚುವ ಮೊದಲೇ, ಮೊದಲ ಸಲ ಹೂ ಬಿಟ್ಟಿತು. ನಾನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅಲಂಕಾರದ ಹೊತ್ತಿಗೆ ಹೂ ಉದುರಿ ಬರೀ ಎಲೆ ಉಳಿದಿತ್ತು. ಆ ಎಲೆ ತಾನಾಗಿ ಹಳದಿಯಾಗುವ ತನಕ ಗೆಡ್ಡೆಗೆ ಉಣಿಸುತ್ತಿರುತ್ತದೆ. ಹಸಿರಿರುವಾಗಲೇ ಕಡಿದರೆ ಗೆಡ್ಡೆ ಉಪವಾಸ ಬಿದ್ದು ಸಾಯುತ್ತದೆ. ಗಂಡನ ಅಣ್ಣ ಹಾರ್ಲನ್ ಭಾವನಿಗೆ ಇದನ್ನೆಲ್ಲ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಶನಿವಾರ ಭಾವ ಗುದ್ದಲಿ ಹೊತ್ತು ಬಂದೇಬಿಟ್ಟರು. ನಾನು ಎಲೆಗಳಿಗೆ ಅಡ್ಡಲಾಗಿ ಕಾಲು ಚಾಚಿ ಕೂತಿದ್ದೆ.

"ಏಳಮ್ಮ ವರ್ನಾ, ಕಳೆ ತೆಗೀಬೇಕು."

"ಕಳೆ ಅಲ್ಲ ಭಾವ. ಹೋದ ತಿಂಗಳು ನೀವೇ ನೋಡಿ ಚೆನ್ನಾಗಿದೆ ಅಂದ್ರಲ್ಲ, ಅದೇ ಗಿಡ."

"ಹೂವಿದ್ದಾಗ ಚೆನ್ನಾಗಿತ್ತು, ಈಗ ಕಸ. ನಾಳೆ ಊರೆಲ್ಲ ಬರುತ್ತೆ. ಈ ಮಗೂಗೆ ತಾಯಿ ಇಲ್ವಾ ಅಂತ ಕೇಳ್ತಾರೆ!"

ಆ ಮಾತು ಎದೆಗೆ ನಾಟಿತು. ಅಳು ಬರಲಿಲ್ಲ, ಸಿಟ್ಟು ಬಂತು.

"ಕೇಳ್ಲಿ ಬಿಡಿ. ಮೊದ್ಲು ನನ್ನ ಕಾಲು ಕಡೀರಿ, ಆಮೇಲೆ ಗಿಡ."

"ಅಪ್ಪನ ಕಾಲದಿಂದ ಬಂದ ಪದ್ಧತಿ ಕಣಮ್ಮ ಇದು!"

"ಹಾಗಾದ್ರೆ ಹೋಗಿ ಅಪ್ಪನ ಗೋರಿ ಕೆರೀರಿ. ಇದು ನನ್ನ ಮಗಳದು."

ಭಾವ ಗೊಣಗುತ್ತ ಮುಂದಿನ ಸಾಲಿಗೆ ಹೋದರು.

ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ಅಂಗಳದ ಉದ್ದ ಮೇಜುಗಳ ಮೇಲೆ ಬುತ್ತಿ ಬಿಚ್ಚಿದರು. ನಾನು ಕರಿದ ಕೋಳಿ ಎತ್ತಿಕೊಂಡು ಬೀಚ್ ಮರದ ಕೆಳಗೆ ಬಟ್ಟೆ ಹಾಸಿದೆ. ಯಾರದೋ ನೆಂಟರ ಹೆಂಗಸು, ಪಕ್ಕದ ಊರಿನವಳು, ಹಸಿರು ಕಂಡು ನಿಂತಳು.

"ಅಯ್ಯೋ ಪಾಪ, ಈ ಗೋರಿಗೆ ಯಾರೂ ಇಲ್ವಾ?"

"ತಾಯಿ ಇದ್ದಾಳೆ," ಎಂದು ಕೋಳಿಯ ತಟ್ಟೆ ಮುಂದೆ ಹಿಡಿದೆ. "ಕೂತ್ಕೊಳ್ಳಿ. ಎಲೆ ಮಾತ್ರ ತುಳೀಬೇಡಿ."