ಬಾವ ಮಲಗಿಸಿಟ್ಟ ದನಿ

ಅಕ್ಕ ಬಾಗಿಲು ತೆಗೆದವಳೇ ನನ್ನ ಕೈಚೀಲ ಕಿತ್ತುಕೊಂಡು ಬಾವನ ಕೋಣೆಯತ್ತ ನಡೆದಳು. ನಾನು ಲ್ಯಾಪ್‌ಟಾಪ್ ರಿಪೇರಿಯವಳು. ಕೆಟ್ಟದ್ದನ್ನು ಜನ ನನ್ನ ಅಂಗಡಿಗೆ ತರುತ್ತಾರೆ, ನಾನು ಯಾರ ಮನೆಗೂ ಹೋಗುವುದಿಲ್ಲ. ಆದರೆ ಈ ಲ್ಯಾಪ್‌ಟಾಪು ಹೊಸ್ತಿಲು ದಾಟಕೂಡದೆಂದು ಅಕ್ಕ ಹಟ ಹಿಡಿದಿದ್ದಳು. ಅವಳ ಹಟಕ್ಕೆ ಮಾತು ಬೇಕಿಲ್ಲ, ಕಣ್ಣು ಬಿಟ್ಟರೆ ಸಾಕು.

ಮಾತು ಅವಳಿಗೆ ಇರಲೂ ಇಲ್ಲ. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮೊದಲು ಅವಳ ದನಿ ಬೀದಿಯ ಕೊನೆಗೆ ಮುಟ್ಟುತ್ತಿತ್ತು. ಅವಳು ಅಡುಗೆಮನೆಯಲ್ಲಿ ಗೊಣಗಿದರೂ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಬಾವ ಅದಕ್ಕೆ ತದ್ವಿರುದ್ಧ, ಬಾಯಲ್ಲಿ ಮುತ್ತಿಟ್ಟುಕೊಂಡವರು. ಏನು ಕೇಳಿದರೂ ಒಂದು ಹೂಂ, ಹೆಚ್ಚೆಂದರೆ ಎರಡು.

ಆಪರೇಷನ್ನಿಗೆ ಮುಂಚೆ ಬಾವ ಈ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಕಂಬಳಿ ಬಡಿದು, ಅಕ್ಕನನ್ನು ಮೈಕಿನ ಮುಂದೆ ಕೂರಿಸಿ ರಾಶಿಗಟ್ಟಲೆ ವಾಕ್ಯಗಳನ್ನು ಓದಿಸಿದ್ದರು. ಅದರಿಂದ ಒಂದು ಪ್ರೋಗ್ರಾಂ ಮಾಡುತ್ತೇನೆ, ನೀನು ಟೈಪ್ ಮಾಡಿದ್ದನ್ನು ಅದು ನಿನ್ನ ದನಿಯಲ್ಲೇ ಹೇಳುತ್ತದೆ ಎಂದಿದ್ದರು. "ಇನ್ನೇನು ಆಯ್ತು" ಅನ್ನುತ್ತಲೇ ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಫೋನಿನಲ್ಲಿದ್ದ ಹಳೆಯ ರೆಕಾರ್ಡಿಂಗ್‌ಗಳನ್ನೂ ಈ ಲ್ಯಾಪ್‌ಟಾಪಿಗೆ ಸುರಿದುಕೊಂಡು ಅಲ್ಲಿ ಅಳಿಸಿಹಾಕಿದ್ದರು. ಹಾಗಾಗಿ ಅಕ್ಕನ ದನಿ ಲೋಕದಲ್ಲಿ ಬೇರೆಲ್ಲೂ ಉಳಿದಿರಲಿಲ್ಲ.

ಅಕ್ಕ ಫೋನಿನಲ್ಲಿ ಟೈಪ್ ಮಾಡಿ ನನ್ನ ಮುಖಕ್ಕೆ ಹಿಡಿದಳು. "ನನ್ ದನಿ ಹೇಗಿತ್ತು ಅಂತ ನಂಗೇ ಮರ್ತುಹೋಗಿದೆ ಕಣೇ. ಕನಸಲ್ಲೂ ಬರೀ ಬಾಯಿ ಆಡತ್ತೆ."

"ಆಯ್ತು, ಅಳ್ಬೇಡ. ನೋಡ್ತೀನಿ," ಅಂದೆ. ಆ ಕೋಣೆಯಲ್ಲಿ ಮಾತು ಬಾಯಿಂದ ಹೊರಟು ಅಲ್ಲೇ ಸಾಯುತ್ತಿತ್ತು. ಕಂಬಳಿಗಳು ಎಲ್ಲವನ್ನೂ ನುಂಗುತ್ತಿದ್ದವು. ಹಾಡಹಗಲಲ್ಲೂ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ ಅನ್ನಿಸಿ, ನಾನು ಕುರ್ಚಿಯನ್ನು ಗೋಡೆಗೆ ಒತ್ತಿ ಕೂತೆ.

ಬಾವ ಆ ಪ್ರೋಗ್ರಾಮನ್ನು ವರ್ಚುವಲ್ ಮಷಿನ್ನಿನಲ್ಲಿ ಇಟ್ಟಿದ್ದರು. ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್. ಸಾಯುವ ಹಿಂದಿನ ದಿನ ಅದನ್ನು ಆರಿಸದೆ ಮಲಗಿಸಿದ್ದರು. ಎಬ್ಬಿಸಿದರೆ ಬಿಟ್ಟಲ್ಲಿಂದ ಮುಂದುವರಿಯಬೇಕು. ಹೊಸದಾಗಿ ಶುರು ಮಾಡೋಣವೆಂದರೆ ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಬಾವ ತಮ್ಮೊಂದಿಗೇ ಒಯ್ದಿದ್ದಾರೆ. ಬೇರೆ ಲ್ಯಾಪ್‌ಟಾಪಿಗೆ ಸಾಗಿಸಿದರೆ ಏಳುವುದಿಲ್ಲ, ಮಲಗಿದ ಪ್ರೊಸೆಸರಿನ ಮೇಲೇ ಏಳಬೇಕು. ಇದರಲ್ಲೋ, ಏಳುವುದಕ್ಕೆ ಬೇಕಾದ ವರ್ಚುವಲೈಸೇಶನ್ ಅನ್ನೋ ಸೌಲಭ್ಯವೇ ಬಂದ್ ಆಗಿತ್ತು. ಬೀರುವಿನಲ್ಲಿ ಬಿದ್ದು ಬಿದ್ದು ಒಳಗಿನ ಸಣ್ಣ ಬ್ಯಾಟರಿ ಸತ್ತು, ಎಲ್ಲ ಸೆಟ್ಟಿಂಗೂ ಕಂಪನಿ ಕೊಟ್ಟ ಸ್ಥಿತಿಗೆ ಮರಳಿತ್ತು.

ಆನ್ ಆಗುವಾಗಲೇ ಕೀ ಒತ್ತಿ ಬಯೋಸಿನೊಳಗೆ, ಅಂದರೆ ಲ್ಯಾಪ್‌ಟಾಪಿನ ಚಿಪ್ಪಿನಲ್ಲಿರುವ ಮೂಲ ಸೆಟ್ಟಿಂಗುಗಳೊಳಗೆ ಹೋದೆ. ತಾರೀಖು, ಸಮಯ, ಯಾವ ಡಿಸ್ಕಿನಿಂದ ಶುರುವಾಗಬೇಕು ಅನ್ನುವುದು, ಕಂಡದ್ದು ಅಷ್ಟೇ. ಮಿಕ್ಕ ಪುಟಗಳೆಲ್ಲ ಚಿಪ್ಪಿನಲ್ಲಿ ಇದ್ದೇ ಇವೆ, ಕಂಪನಿಯವರು ಮಕ್ಕಳ ಕೈಗೆ ಸಿಗದ ಹಾಗೆ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದ ಹಾಗೆ ಮುಚ್ಚಿಟ್ಟಿದ್ದಾರೆ. ಅವರ ಮನೆ ಹಾಳಾಗ! ಕೊಂಡವರನ್ನೆಲ್ಲ ಮಕ್ಕಳೆಂದೇ ತಿಳಿದಿದ್ದಾರೆ.

ದಾರಿ ಇಲ್ಲದೇ ಇಲ್ಲ. ಪೆನ್‌ಡ್ರೈವಿನಿಂದ ಒಂದು ಪುಟ್ಟ ಉಪಕರಣ ಓಡಿಸಿ, ಚಿಪ್ಪಿನಲ್ಲಿ ಆ ಸೆಟ್ಟಿಂಗ್ ಇರುವ ಜಾಗದ ಸೊನ್ನೆಯನ್ನು ಒಂದಾಗಿಸಬೇಕು. ಪಕ್ಕದ ಜಾಗಕ್ಕೆ ಕೈ ಹಾಕಿದರೆ ಲ್ಯಾಪ್‌ಟಾಪು ಇಟ್ಟಿಗೆ, ಮತ್ತೆ ಆನ್ ಆಗುವುದಿಲ್ಲ. ಈ ಮಾಡೆಲ್ಲಿನ ಜಾಗ ನನಗೆ ಬಾಯಿಪಾಠವಿತ್ತು, ಬೆರಳು ಕೀ ಮೇಲೆ ಹೋಗಿಯೇಬಿಟ್ಟಿತ್ತು. ಯಾಕೋ ಮನಸ್ಸು ತಡೆಯಿತು. ಚಿಪ್ಪಿನಲ್ಲಿದ್ದದ್ದನ್ನೆಲ್ಲ ತೆಗೆದು ಓದಿದೆ. ಬಾವ ಅದರ ಫರ್ಮ್‌ವೇರನ್ನು, ಅಂದರೆ ಅದರೊಳಗಿನ ಮೂಲ ತಂತ್ರಾಂಶವನ್ನು, ಹೊಸದಕ್ಕೆ ಬದಲಿಸಿದ್ದರು, ಜಾಗವೂ ಸರಿದಿತ್ತು. ನನ್ನ ಬಾಯಿಪಾಠವನ್ನು ನಂಬಿದ್ದರೆ ಅಕ್ಕನ ದನಿಯನ್ನು ನಾನೇ ಹೂಳುತ್ತಿದ್ದೆ.

"ಅಕ್ಕಾ, ಇದು ಹೋದ್ರೆ ಹೋಗೇಬಿಡತ್ತೆ. ಬರೀಲಾ?"

ಅಕ್ಕ ಆಗಲೆಂದು ತಲೆಯಾಡಿಸಿ, ಗಂಟಲಿನ ತೂತಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಬರೆದೆ.

ಪರದೆ ಕಪ್ಪಾಯಿತು. ಫ್ಯಾನು ತಿರುಗುತ್ತಿತ್ತು, ಬೇರೇನೂ ಇಲ್ಲ. ಕೆಟ್ಟೆನಪ್ಪಾ ಅಂದುಕೊಂಡೆ. ಆ ಕಪ್ಪಿನಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು, ಮೂರನೆಯದೊಂದು ಕಂಡೀತೆಂದು ನಾನು ಕಣ್ಣು ತಗ್ಗಿಸಿದೆ. ಕೊನೆಗೆ ಕಂಪನಿಯ ಗುರುತು ಮೂಡಿತು. ಒಳಗಿನ ಮಷಿನ್ನನ್ನು ಎಬ್ಬಿಸಿದೆ, ಎದ್ದಿತು. ಅದರ ಗಡಿಯಾರದಲ್ಲಿ ಬಾವ ಬದುಕಿದ್ದ ಕೊನೆಯ ಸಂಜೆ ಇನ್ನೂ ಮುಗಿದಿರಲಿಲ್ಲ.

ಸ್ಪೀಕರಿನಿಂದ ಅರ್ಧ ವಾಕ್ಯ ಹೊರಬಂತು: "...ಮರೀಬೇಡಿ. ಬಾಗ್ಲು ಹಾಕಿದ್ರಾ?"

ಅಕ್ಕನ ದನಿ. ಪಕ್ಕದಲ್ಲಿ ಅಕ್ಕ ಬಾಯಿ ಮುಚ್ಚಿ ಕೂತಿದ್ದಾಳೆ, ಎದುರಿನಿಂದ ಅಕ್ಕ ಮಾತಾಡುತ್ತಿದ್ದಾಳೆ. ಪರದೆಯ ಮೇಲೆ ಬಾವ ಟೈಪ್ ಮಾಡಿದ್ದ ಸಾಲುಗಳು ಉದ್ದಕ್ಕೂ ನಿಂತಿದ್ದವು. 'ಊಟಕ್ಕೆ ಬನ್ನಿ.' 'ಸುಸ್ತಾಯ್ತೇನ್ರೀ?' 'ನಾನಿದೀನಲ್ಲ, ಮಲಕ್ಕೊಳ್ಳಿ.' ಒಂದೊಂದಕ್ಕೂ ತಾರೀಖಿತ್ತು. ಬಾವ ಸಾಯುವ ಎಷ್ಟೋ ತಿಂಗಳ ಮೊದಲೇ ಪ್ರೋಗ್ರಾಂ ಮುಗಿದಿತ್ತು. ಮಾತು ಹೋದ ಹೆಂಡತಿಯನ್ನು ಆಚೆ ಕೂರಿಸಿ, ಬಾವ ಕಂಬಳಿಗಳ ನಡುವೆ ಹೆಂಡತಿಯ ಮಾತು ಕೇಳುತ್ತಾ ಕೂತಿದ್ದರು. ನನಗೆ ಬಾವನ ಮೇಲೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು.

ಅಕ್ಕನಿಗೆ ಬರೀ ಸಿಟ್ಟು ಬಂತು. ನನ್ನನ್ನು ತಳ್ಳಿ ಲ್ಯಾಪ್‌ಟಾಪ್ ಎಳೆದುಕೊಂಡು ಕುಟ್ಟಿದಳು.

"ನನ್ ದನಿ ಬಚ್ಚಿಟ್ಕೊಂಡು ನನ್ನೇ ಮೂಗಿ ಮಾಡಿದ್ರಲ್ಲ, ನಿಮಗೆ ನಾಚ್ಕೆ ಆಗ್ಲಿಲ್ವಾ?" ಎಂದಿತು ಮಷಿನ್ನು.

ಎಷ್ಟು ಮೆತ್ತಗೆ! ಮಗುವಿಗೆ ಹಾಲು ಕುಡಿಸುವವರ ಹಾಗೆ. ಅಕ್ಕ ಮತ್ತೆ ಮತ್ತೆ ಕುಟ್ಟಿದಳು, ನಾನು ಬರೆಯಲಾಗದ ಬೈಗುಳವನ್ನೂ ಹಾಕಿದಳು. ಎಲ್ಲವೂ ಜೋಗುಳದಂತೆಯೇ ಬಂತು. ಬಾವ ಅವಳಿಂದ ಓದಿಸಿದ್ದ ವಾಕ್ಯಗಳೇ ಅಂಥವು, ಅದಕ್ಕೆ ಸಿಟ್ಟಾಗಲು ಗೊತ್ತೇ ಇರಲಿಲ್ಲ. ಅಕ್ಕ ಕೀಬೋರ್ಡಿನಿಂದ ಕೈ ಎತ್ತಿಬಿಟ್ಟಳು. ಅವಳ ತುಟಿ ನಿಧಾನವಾಗಿ ಹೇಳಿದ್ದು ನನಗೂ ಓದಲು ಬಂತು: ಇದು ನಾನಲ್ಲ.

ಅವಳನ್ನು ಹಾಗೆ ಬಿಟ್ಟು ಏಳಲು ನನ್ನಿಂದಾಗಲಿಲ್ಲ. ಒಳಗಿನ ಮಷಿನ್ನಿನ ಮೂಲೆ ಮೂಲೆ ತಡಕಿದೆ. ಹಳೆಯ ರೆಕಾರ್ಡಿಂಗ್‌ಗಳು ಇದ್ದವು, ಆದರೆ ಅವನ್ನೂ ಕತ್ತರಿಸಿ, ತೊಳೆದು, ನಯ ಮಾಡಿಟ್ಟಿದ್ದರು. ಎಲ್ಲದರ ಕೆಳಗೆ 'ಬೇಡದ್ದು' ಎಂಬ ಫೋಲ್ಡರ್ ಸಿಕ್ಕಿತು. ವಾಕ್ಯಗಳಿಂದ ಕತ್ತರಿಸಿದ ಚೂರುಗಳೆಲ್ಲ ಅದರಲ್ಲಿದ್ದವು. ಒಂದನ್ನು ಒತ್ತಿದೆ.

ಕೆಮ್ಮು. ಕುರ್ಚಿ ಎಳೆದ ಸದ್ದು. ಆಮೇಲೆ ಸ್ಪೀಕರು ಬಿರಿಯುವಂತೆ: "ಅಯ್ಯೋ ನಿಮ್ ತಲೆ! ಎಷ್ಟ್ ಸಲ ಓದಿಸ್ತೀರ್ರೀ ಇದನ್ನೇ? ನಾನೇನ್ ನಿಮ್ ಕಂಪ್ಯೂಟ್ರಾ? ಎದ್ದು ಹೋಗ್ತೀನಿ ನೋಡಿ!"

ಕಂಬಳಿಗಳಿಗೂ ಅದನ್ನು ನುಂಗಲಾಗಲಿಲ್ಲ. ಅದರ ಹಿಂದೆಯೇ ಬಾವ ನಗುತ್ತಿದ್ದರು. ತಡೆಯಲಾಗದೆ, ಬಿದ್ದು ಬಿದ್ದು. ಅವರು ಹಾಗೆ ನಕ್ಕದ್ದನ್ನು ನಾನು ಜನ್ಮದಲ್ಲೇ ಕೇಳಿರಲಿಲ್ಲ.

ಅಕ್ಕ ನನ್ನ ಕೈ ಸರಿಸಿ ಅದನ್ನು ಮತ್ತೆ ಒತ್ತಿದಳು. ಈ ಸಲ ಸ್ಪೀಕರಿಗಿಂತ ಒಂದು ಚೂರು ಮುಂದಾಗಿಯೇ ಅವಳ ತುಟಿಗಳು ಬಯ್ಯತೊಡಗಿದವು. ಹುಬ್ಬು ಗಂಟಿಕ್ಕಿತು, ಕೈ ಮೇಲೆದ್ದಿತು, ಕತ್ತಿನ ನರ ಉಬ್ಬಿತು. ಬೈಗುಳ ಮುಗಿದ ಮೇಲೆ ಬಾವನ ನಗು ಮುಗಿಯುವವರೆಗೂ ಅವಳು ಬಾವ ಕೂರುತ್ತಿದ್ದ ಖಾಲಿ ಕುರ್ಚಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು.